ಜಾಕೆಟ್ಟಿನ ತೋಳಿನಲ್ಲಿ ಏಳು ತೂತು

ಅವರ ಹೆಸರು ಅಂಗಡಿಯ ಬೋರ್ಡಿನ ಮೇಲೆ ದೊಡ್ಡ ಅಕ್ಷರಗಳಲ್ಲಿಯೇ ಇದೆ. ಆದರೆ ಬೀದಿಯಲ್ಲಿ ಯಾರನ್ನು ಕೇಳಿದರೂ, "ಅರ್ಧ ಇಂಚು ಮಾಸ್ಟರಾ? ಅಗೋ, ಮೂರನೇ ಬಾಗಿಲು" ಅನ್ನುತ್ತಾರೆ. ಮೂವತ್ತೆಂಟು ವರ್ಷಗಳಿಂದ ಅವರು ಟೈಲರ್. ಅವರ ಕೈಯಿಂದ ಹೊರಬಿದ್ದ ಪ್ರತಿ ಪ್ಯಾಂಟು, ಪ್ರತಿ ಕೋಟಿನ ಹೊಲಿಗೆಯ ಒಳಗೆ ಅರ್ಧ ಇಂಚು ಬಟ್ಟೆ ಹೆಚ್ಚಿಗೆ ಮಡಿಸಿಕೊಂಡು ಕೂತಿರುತ್ತದೆ. ಹೊಲಿಸಿದವನ ಹೊಟ್ಟೆ ಮುಂದೆ ಬಂದರೆ ಅದನ್ನು ಬಿಚ್ಚಿ ಬಿಡಬಹುದು, ಕಾಯಿಲೆ ಬಿದ್ದು ಸೊರಗಿದರೆ ಇನ್ನಷ್ಟು ಒಳಗೆ ಹಿಡಿಯಬಹುದು. "ಮನುಷ್ಯ ಇವತ್ತಿದ್ದ ಹಾಗೆ ನಾಳೆ ಇರಲ್ಲ, ಅರ್ಧ ಇಂಚು ಒಳಗಿರಲಿ" ಅನ್ನುವುದು ಅವರ ಮಾತು. ಮನೆಯಲ್ಲಿ ಬಾಗಿಲಿಗೆ ಚಿಲಕ ಹಾಕುವಾಗಲೂ, ಬೀರು ಗೋಡೆಗೆ ತಾಗಿಸಿ ಇಡುವಾಗಲೂ ಇದೇ ಮಾತು ಬರುವುದರಿಂದ ಹೆಂಡತಿಗೆ ಅದು ಕಿವಿಯಲ್ಲಿ ಗುಂಯ್‌ಗುಡುವ ಸೊಳ್ಳೆಯ ಹಾಗೆ ಅಭ್ಯಾಸವಾಗಿ ಹೋಗಿದೆ.

ಅಂಗಡಿ ಅಂದರೆ ಎಂಟಡಿಗೆ ಹತ್ತಡಿಯ ಒಂದು ಕೋಣೆ. ಕತ್ತರಿಸುವ ಮೇಜು, ಅದರ ತುದಿಯಲ್ಲಿ ಇಸ್ತ್ರಿ ಪೆಟ್ಟಿಗೆ, ಕಿಟಕಿಯ ಬೆಳಕಿಗೆ ಮುಖ ಮಾಡಿದ ಹೊಲಿಗೆ ಯಂತ್ರ, ನಿಂತವರನ್ನು ಒಂದು ಸುತ್ತು ತೆಳ್ಳಗೆ ತೋರಿಸುವ ಎತ್ತರದ ಕನ್ನಡಿ. ಕೂರಲು ಮಾಸ್ಟರ ಕುರ್ಚಿ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಅಳತೆಗೆ ಬಂದವರು ನಿಲ್ಲಬೇಕು, ನೆಟ್ಟಗೆ ನಿಲ್ಲಬೇಕು. ಕತ್ತು ಬಗ್ಗಿಸಿದರೆ ಮಾಸ್ಟರು ಟೇಪಿನ ತುದಿಯಿಂದ ಗಲ್ಲಕ್ಕೆ ಮೆಲ್ಲಗೆ ತಟ್ಟುತ್ತಿದ್ದರು. ಎಡ ಮಣಿಕಟ್ಟಿಗೆ ಗುಂಡುಸೂಜಿ ಚುಚ್ಚುವ ಪುಟ್ಟ ದಿಂಬು ಕಟ್ಟಿಕೊಂಡೇ ಇರುತ್ತಿದ್ದರು. ಊಟಕ್ಕೆ ಕೂತಾಗ ಹೆಂಡತಿ ನೆನಪಿಸಿದರೆ ಮಾತ್ರ ಬಿಚ್ಚುತ್ತಿದ್ದರು.

ರೆಡಿಮೇಡ್ ಎಂಬುದು ಆ ಕೋಣೆಯಲ್ಲಿ ಬೈಗುಳ. ತಾವು ಹೊಲಿಯದ ಬಟ್ಟೆ ತಮ್ಮ ಮೈಮೇಲೆ ಏರಿಲ್ಲ ಎಂದು ಮಾಸ್ಟರು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದರು.

"ಬನಿಯನ್ನು?" ಎಂದು ಹೆಂಡತಿ ಕೇಳುತ್ತಿದ್ದಳು.

"ಅದು ಬಟ್ಟೆ ಅಲ್ಲ ಕಣೇ, ಅದು ಒಳಗಿನ ವಿಷಯ."

ಅವರಿಗೆ ಒಂದೇ ಒಂದು ಚಟ. ಹತ್ತೊಂಬತ್ತು ವರ್ಷದ ಹಿಂದೆ ಯಾರೋ ಓಡಿಸಿ ಬಿಟ್ಟಿದ್ದ ಕಪ್ಪು ಮೋಟಾರ್ ಸೈಕಲ್ಲನ್ನು ಕೊಂಡಿದ್ದರು. ದಿನಾ ಸಂಜೆ ಐದಕ್ಕೆ ಅಂಗಡಿಯ ಬಾಗಿಲು ಅರ್ಧ ಎಳೆದು, ಊರಾಚೆ ಕೆರೆ ಏರಿಯ ರಸ್ತೆಯಲ್ಲಿ ಒಂಬತ್ತು ಕಿಲೋಮೀಟರು ಹೋಗಿ, ಅಲ್ಲಿ ಗಾಡಿ ನಿಲ್ಲಿಸಿ, ಹತ್ತು ನಿಮಿಷ ಸುಮ್ಮನೆ ನೀರಿನ ಆಚೆಯ ದಡ ನೋಡಿಕೊಂಡು ವಾಪಸು ಬರುತ್ತಿದ್ದರು. ಅಲ್ಲಿ ನೋಡುವಂಥದ್ದು ಏನಿದೆ ಎಂದು ಕೇಳಿದರೆ ಏನೂ ಇಲ್ಲ. ಆದರೆ ಬೆಳಗಿನಿಂದ ಎರಡು ಅಡಿ ದೂರದ ಸೂಜಿಯ ತುದಿಯನ್ನೇ ನೋಡಿದ ಕಣ್ಣಿಗೆ ದೂರ ಎಂಬುದು ಸಿಗುತ್ತಿದ್ದದ್ದು ಆ ಹತ್ತು ನಿಮಿಷ ಮಾತ್ರ. ಒಂದು ದಿನ ಹೋಗದಿದ್ದರೆ ಮರುದಿನ ಗುಂಡಿ ತೂರಿಸುವ ಕಾಜ ಸೊಟ್ಟಗಾಗುತ್ತದೆ ಎಂದು ಅವರು ನಂಬಿದ್ದರು.

ಒಂದು ಸಂಜೆ, ಸಿಮೆಂಟು ಗೋದಾಮಿನ ತಿರುವಿನಲ್ಲಿ ಚೆಲ್ಲಿದ್ದ ಜಲ್ಲಿಯ ಮೇಲೆ ಗಾಡಿ ಜಾರಿತು. ಮಾಸ್ಟರು ಗಾಡಿಯ ಜೊತೆಗೆ ಮೂರು ಮಾರು ದೂರ ಉಜ್ಜಿಕೊಂಡು ಹೋದರು. ಹೆಲ್ಮೆಟ್ಟಿನಿಂದ ತಲೆ ಉಳಿಯಿತು, ಮೂಳೆಗೆ ಏನೂ ಆಗಲಿಲ್ಲ. ಆದರೆ ಬಲ ಮೊಣಕೈಯಿಂದ ಮಣಿಕಟ್ಟಿನ ತನಕ ಚರ್ಮ ಸುಲಿದು ಹೋಯಿತು. ಮೈಮೇಲಿದ್ದದ್ದು ಅವರೇ ಹೊಲಿದ ದಪ್ಪ ಬಟ್ಟೆಯ ಜಾಕೆಟ್ಟು. ಮೊಣಕೈಗೆ ಎರಡು ಪದರ, ಜೋಡಿ ಹೊಲಿಗೆ, ಆರು ಜೇಬು. ಅದರ ಬಲ ತೋಳು ಒದ್ದೆ ಕಾಗದದ ಹಾಗೆ ಹರಿದು ಹೋಗಿತ್ತು.

ಅವರ ಮಗಳು ಆಸ್ಪತ್ರೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ ಕೋಣೆಯ ನರ್ಸು. ಅಪ್ಪನ ಕೈಯನ್ನು ತೊಳೆದು, ಒಳಗೆ ಕೂತಿದ್ದ ಸಣ್ಣ ಕಲ್ಲುಗಳನ್ನು ಒಂದೊಂದಾಗಿ ತೆಗೆದವಳು ಅವಳೇ. ಅಷ್ಟು ನೋವಿನಲ್ಲೂ ಮಾಸ್ಟರು ಎಡಗೈಯಲ್ಲಿ ಹರಿದ ತೋಳನ್ನು ಎತ್ತಿ ತೋರಿಸಿದರು.

"ನೋಡು ಪುಟ್ಟಿ, ಬಟ್ಟೆ ಹೋಗಿದೆ. ಹೊಲಿಗೆ ಒಂದೂ ಬಿಟ್ಟಿಲ್ಲ."

"ಜಟ್ಟಿ ಕೆಳಗೆ ಬಿದ್ರೂ ಮೀಸೆ ಮಣ್ಣಾಗಿಲ್ಲ ಅಂದ್ರಂತೆ" ಎಂದಳು ಪಕ್ಕದಲ್ಲಿ ನಿಂತಿದ್ದ ಹೆಂಡತಿ.

ಮಗಳು ನಗಲಿಲ್ಲ. ಪಟ್ಟಿ ಕಟ್ಟಿ ಮುಗಿಸಿ, ಅಪ್ಪನ ಜೇಬಿಗೆ ಕೈ ಹಾಕಿ ಗಾಡಿಯ ಕೀಲಿ ತೆಗೆದು ತನ್ನ ಸಮವಸ್ತ್ರದ ಜೇಬಿಗೆ ಹಾಕಿಕೊಂಡಳು.

"ಅಪ್ಪ, ನಾನು ದಿನಾ ನೋಡ್ತೀನಿ. ರಸ್ತೆಗೆ ಬಟ್ಟೆ ಅಂದ್ರೆ ಲೆಕ್ಕಾನೇ ಇಲ್ಲ. ಗಾಡಿಯವರು ಹಾಕ್ಕೊಳ್ಳೋ ಚರ್ಮದ ಜಾಕೆಟ್ಟು ತಗೊಂಡು ಬಾ. ಮೊಣಕೈಗೆ, ಭುಜಕ್ಕೆ ಒಳಗೆ ಪ್ಯಾಡ್ ಇರ್ಬೇಕು. ನಾನು ನೋಡಿ ಸರಿ ಅಂದ್ರೆ ಕೀಲಿ. ಇಲ್ಲ ಅಂದ್ರೆ ಗಾಡಿ ಮಾರಿಬಿಡೋಣ."

"ನಾನೇ ಹೊಲ್ಕೋತೀನಿ."

"ಮೊದಲು ಕತ್ತರಿ ಎತ್ತು, ನೋಡೋಣ."

ಕತ್ತರಿ ಎತ್ತಲು ಹನ್ನೊಂದು ದಿನ ಹಿಡಿಯಿತು. ಹನ್ನೆರಡನೆಯ ದಿನ ಮಾಸ್ಟರು ಬೀದಿಯ ಕೊನೆಗೆ, ಸೀಟಣ್ಣನ ಅಂಗಡಿಗೆ ಹೋದರು. ಸೀಟಣ್ಣ ಗಾಡಿಗಳ ಸೀಟು ಹೊಲಿಯುವವನು. ಇಪ್ಪತ್ತು ವರ್ಷದಿಂದ ಇಬ್ಬರೂ ಒಂದೇ ಕಡೆ ಟೀ ಕುಡಿಯುತ್ತಾರೆ, ಒಬ್ಬರ ಹೊಲಿಗೆಯನ್ನು ಇನ್ನೊಬ್ಬರು ಹೀಯಾಳಿಸುತ್ತಾರೆ. ಅವನ ಹತ್ತಿರ ಅಂಗೈ ಅಗಲದ ಚರ್ಮದ ಚೂರು ಇಸಿದುಕೊಂಡು ಬಂದು ಮಾಸ್ಟರು ತಮ್ಮ ಯಂತ್ರದ ಕೆಳಗೆ ಇಟ್ಟರು. ಮೂರು ಸೂಜಿ ಮುರಿದವು. ಮೂರನೆಯದರ ತುದಿ ಹಾರಿ ಕನ್ನಡಿಗೆ ಬಡಿಯಿತು.

"ನಿಮ್ಮದು ರವಿಕೆ, ಪ್ಯಾಂಟಿನ ಯಂತ್ರ ಮಾಸ್ಟರೇ" ಎಂದ ಸೀಟಣ್ಣ, ಹಿಂದೆಯೇ ಬಂದು ಬಾಗಿಲಲ್ಲಿ ನಿಂತು. "ಎಮ್ಮೆ ಹತ್ರ ಹೋಗಿ ಸಂಗೀತ ಹಾಡು ಅಂದ್ರೆ ಹಾಡುತ್ತಾ? ಹೋಗಿ, ಅಂಗಡೀಲಿ ಕೊಂಡ್ಕೊಳ್ಳಿ. ಯಾರಿಗೂ ಹೇಳಲ್ಲ ನಾನು."

ಸಂಜೆಯ ಹೊತ್ತಿಗೆ ಬೀದಿಗೆಲ್ಲ ಹೇಳಿದ್ದ.

ಅಂಥ ಜಾಕೆಟ್ಟು ಮಾರುವ ಅಂಗಡಿ ಇದ್ದದ್ದು ಬಸ್ಸಿನಲ್ಲಿ ಒಂದು ಗಂಟೆ ದೂರದ ದೊಡ್ಡ ಪೇಟೆಯಲ್ಲಿ. ಮಾಸ್ಟರು ಹೆಂಡತಿಯ ಜೊತೆ ಹೋದರು. ರೆಡಿಮೇಡ್ ಅಂಗಡಿಯ ಗಾಜಿನ ಬಾಗಿಲು ತಳ್ಳುವ ಮೊದಲು ಎಡಕ್ಕೂ ಬಲಕ್ಕೂ ನೋಡಿದರು.

"ನಿಮ್ಮನ್ನ ಇಲ್ಲಿ ಯಾರು ಗುರ್ತು ಹಿಡೀತಾರೆ ರೀ? ನಡೀರಿ" ಎಂದು ಹೆಂಡತಿ ಬೆನ್ನಿಗೆ ಕೈ ಹಚ್ಚಿದಳು.

ಒಳಗೆ ಚರ್ಮದ ವಾಸನೆ. ಒಂದು ಮೂಲೆಯಲ್ಲಿ, ಗಿರಾಕಿಗಳು ಕೂತು ನೋಡಲೆಂದು, ಚಕ್ರವಿಲ್ಲದ ಮೋಟಾರ್ ಸೈಕಲ್ಲನ್ನು ಮರದ ಹಲಗೆಗೆ ಬಿಗಿದಿದ್ದರು. ಅಂಗಡಿಯ ಹುಡುಗಿಗೆ ಇಪ್ಪತ್ತೈದು ಇರಬಹುದು. ಕೈಯ ಮೇಲೆ ಜಾಕೆಟ್ಟು ಹರಡಿಕೊಂಡು ಅವಳು ಹೇಳಲು ತೊಡಗಿದಳು: ತೆಳ್ಳಗೆ ಹೊಳೆಯುವುದು ನೋಟಕ್ಕೆ ಚೆಂದ, ಬಿದ್ದರೆ ಉಪಯೋಗವಿಲ್ಲ, ಚಿವುಟಿದರೆ ಮಡಿಕೆ ದಪ್ಪಗೆ ನಿಲ್ಲಬೇಕು, ಭುಜಕ್ಕೂ ಮೊಣಕೈಗೂ ಚರ್ಮದ ತುಂಡುಗಳನ್ನು ಜೋಡಿಸಿರಬಾರದು, ಒಂದೇ ಹಾಳೆ ಇರಬೇಕು, ಜಿಪ್ಪಿನ ಹಿಂದೆ ಗಾಳಿ ತಡೆಯುವ ಪಟ್ಟಿ ಇರಬೇಕು. ಮಾಸ್ಟರು ಅರ್ಧ ಕೇಳಿಸಿಕೊಂಡರು. ಉಳಿದರ್ಧ ಹೊತ್ತು ಜೇಬಿನಿಂದ ಸ್ವಂತ ಟೇಪು ತೆಗೆದು ಒಂದೊಂದೇ ಜಾಕೆಟ್ಟಿನ ಅಸ್ತರು ಮಗುಚಿ ಒಳಗೆ ಇಣುಕುತ್ತಿದ್ದರು.

"ಒಳಗೆ ಬಿಟ್ಟೇ ಇಲ್ವಲ್ಲ ತಾಯಿ! ಒಂದು ನೂಲೆಳೆಯಷ್ಟೂ ಬಿಟ್ಟಿಲ್ಲ. ಇವರಿಗೆ ನಾಳೆ ಅನ್ನೋದೇ ಇಲ್ವಾ?"

"ಚರ್ಮದಲ್ಲಿ ಒಳಗೆ ಬಿಡಲ್ಲ ಸರ್."

ಕೊನೆಗೆ ಒಂದು ಕಪ್ಪು ಜಾಕೆಟ್ಟು ಅವರ ಕಣ್ಣಿಗೆ ಬಿತ್ತು. ಹೊಲಿಗೆ ಇಂಚಿಗೆ ಏಳು, ಎಲ್ಲೂ ಹೆಚ್ಚು ಕಮ್ಮಿಯಿಲ್ಲ. ಹಾಕಿಕೊಂಡು ಕನ್ನಡಿಯ ಮುಂದೆ ನೆಟ್ಟಗೆ ನಿಂತರು. ಭುಜ ಭುಜದ ಮೇಲೆ ಕೂತಿತ್ತು. ತೋಳು ಮಣಿಕಟ್ಟಿನ ಮೂಳೆಗೆ ಸರಿಯಾಗಿ ನಿಂತಿತ್ತು. ಬಾಯಿಬಿಟ್ಟು ಹೇಳಲಿಲ್ಲ, ಆದರೆ ಹೆಂಡತಿಗೆ ಗೊತ್ತಾಯಿತು. ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ಬೇರೆಯವರ ಕೈಕೆಲಸಕ್ಕೆ ಅವರ ಹುಬ್ಬು ಮೇಲೇರಿತ್ತು.

"ಸರ್, ಒಂದು ಸಲ ಆ ಗಾಡಿ ಮೇಲೆ ಕೂತು ಕೈ ಮುಂದೆ ಚಾಚಿ ನೋಡಿ" ಎಂದಳು ಹುಡುಗಿ. "ನಿಂತಾಗ ತೋಳು ಉದ್ದ ಅನ್ನಿಸ್ಬೇಕು. ಇದು ನಿಮಗೆ ಗಿಡ್ಡ ಆಗುತ್ತೆ. ಒಂದು ಸೈಜ್ ದೊಡ್ಡದು ತಗೊಳ್ಳಿ."

"ನಿಂತಾಗ ತೋಳು ಉದ್ದ ಆಗೋದಕ್ಕೆ ನಮ್ಮಲ್ಲಿ ತಪ್ಪು ಅಂತಾರೆ ತಾಯಿ. ಅಳತೆ ಅಂದ್ರೆ ನಿಂತು ತಗೊಳ್ಳೋದು."

"ಗಾಡೀನ ಯಾರಾದ್ರೂ ನಿಂತ್ಕೊಂಡು ಓಡಿಸ್ತಾರಾ ಸರ್?"

ಮಾಸ್ಟರು ಆ ಮಾತು ಕೇಳಿಸದವರ ಹಾಗೆ ಜಿಪ್ಪನ್ನು ಮೇಲೆ ಕೆಳಗೆ ಎಳೆದರು. ಹುಡುಗಿ ಮತ್ತೆ ಒತ್ತಾಯಿಸಲಿಲ್ಲ. ಹದಿನೈದು ದಿನದೊಳಗೆ, ಒಂದು ಗುರುತೂ ಬೀಳದ ಹಾಗೆ ತಂದರೆ ಬದಲಾಯಿಸಿ ಕೊಡುವುದಾಗಿ ಹೇಳಿ ಚೀಟಿ ಬರೆದಳು. "ಅಗಲ ಭುಜದ ಹ್ಯಾಂಗರಿಗೆ ಹಾಕಿ. ಪ್ಲಾಸ್ಟಿಕ್ ಕವರಲ್ಲಿ ಮುಚ್ಚಿಡ್ಬೇಡಿ, ಉಸಿರುಕಟ್ಟುತ್ತೆ. ನೆನೆದ್ರೆ ಬಿಸಿಲಿಗೂ ಬೆಂಕಿಗೂ ಇಡದೆ ನೆರಳಲ್ಲಿ ಒಣಗಿಸಿ" ಎಂದು ದಾರಿಯ ತನಕ ಹೇಳುತ್ತಲೇ ಬಂದಳು. ಬಟ್ಟೆ ನೋಡಿಕೊಳ್ಳುವುದನ್ನು ತಮಗೆ ಹೇಳಿಕೊಡುತ್ತಿದ್ದಾಳಲ್ಲ ಎಂದು ಮಾಸ್ಟರಿಗೆ ಒಳಗೇ ನಗು ಬಂತು.

ನಗು ಮನೆಯ ಅಂಗಳದ ತನಕ ಉಳಿಯಿತು. ಮಗಳು ಜಾಕೆಟ್ಟನ್ನು ಚಿವುಟಿ, ಎಳೆದು, ಪ್ಯಾಡು ಒತ್ತಿ ನೋಡಿ, "ಚೆನ್ನಾಗಿದೆ. ಹಾಕ್ಕೊಂಡು ಗಾಡಿ ಮೇಲೆ ಕೂತ್ಕೋ" ಅಂದಳು. ಮಾಸ್ಟರು ಸ್ಟ್ಯಾಂಡು ಹಾಕಿದ ಗಾಡಿ ಹತ್ತಿ ಹ್ಯಾಂಡಲು ಹಿಡಿದರು. ಎರಡೂ ತೋಳು ನಾಲ್ಕು ಬೆರಳು ಹಿಂದಕ್ಕೆ ಸರಿದವು. ಮೊಣಕೈಯ ಪ್ಯಾಡು ತೋಳಿನ ಮೇಲೆಲ್ಲೋ ಹೋಗಿ ಕೂತಿತು. ಗಾಯ ಮಾಗಿ ಹೊಸದಾಗಿ ಬಂದ ಗುಲಾಬಿ ಚರ್ಮ ಹೊರಗೆ ಇಣುಕಿತು, ತಾನೇ ಸಾಕ್ಷಿ ಎಂಬಂತೆ.

ಮಗಳು ಒಂದು ಬೆರಳನ್ನು ಅದರ ಮೇಲಿಟ್ಟಳು. "ಮತ್ತೆ ಇಲ್ಲೇ ಹೋಗುತ್ತೆ ಅಪ್ಪ. ಕೀಲಿ ಇಲ್ಲ."

"ಅರ್ಧ ಇಂಚು..."

"ನಾಲ್ಕು ಬೆರಳು!"

ಬದಲಾಯಿಸಿಕೊಂಡು ಬರುವುದು ಬಸ್ಸು ಹತ್ತಿದಷ್ಟು ಸುಲಭ. ಆದರೆ ಆ ಹುಡುಗಿಯ ಮುಂದೆ ಹೋಗಿ ನೀನು ಹೇಳಿದ್ದೇ ಸರಿ ಅನ್ನಬೇಕಲ್ಲ! ಅದಕ್ಕಿಂತ ತೋಳನ್ನು ತಾವೇ ಎಲ್ಲಾದರೂ ಬಿಚ್ಚಿ ಉದ್ದ ಮಾಡಲು ದಾರಿಯಿದೆಯೇ ಎಂದು ನೋಡುವುದು ಮೇಲೆಂದು ಅವರಿಗೆ ತೋಚಿತು. ಮರುದಿನ ಬೆಳಿಗ್ಗೆ ಜಾಕೆಟ್ಟನ್ನು ಮೇಜಿನ ಮೇಲೆ ಹರಡಿ ಎಡ ತೋಳಿನ ತುದಿಯಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದರು. ಗೆರೆ ನಿಲ್ಲಲಿಲ್ಲ. ಆಗ ಅವರ ಬಲಗೈ, ಮೂವತ್ತೆಂಟು ವರ್ಷದ ರೂಢಿಯಂತೆ, ತಲೆಯನ್ನು ಒಂದು ಮಾತೂ ಕೇಳದೆ ಎಡ ಮಣಿಕಟ್ಟಿನ ದಿಂಬಿಗೆ ಹೋಯಿತು. ಒಂದು, ಎರಡು, ಮೂರು. ಚರ್ಮ ಗಟ್ಟಿಯಿತ್ತು. ಬೆರಳಿನ ಟೋಪಿ ಹಾಕಿಕೊಂಡು ಒತ್ತಿದರು. ಏಳನೆಯ ಗುಂಡುಸೂಜಿ ಒಳಹೋಗುವಾಗ ಸೀಟಣ್ಣ ಟೀಗೆ ಕರೆಯಲು ಬಂದ.

"ಮಾಸ್ಟರೇ! ಏನ್ ಮಾಡ್ತಿದ್ದೀರಾ?"

"ಗುರುತು ಹಾಕ್ತಿದ್ದೀನಿ."

"ಅಯ್ಯೋ, ಅದು ಬಟ್ಟೆ ಅಲ್ಲ ಮಾರಾಯ್ರೇ! ಚರ್ಮಕ್ಕೆ ಒಂದ್ಸಲ ತೂತು ಬಿತ್ತು ಅಂದ್ರೆ ಬಿತ್ತು. ತೆಗೀರಿ, ತೆಗೀರಿ!"

ತೆಗೆದರು. ಏಳು ತೂತು, ಇರುವೆಯ ಸಾಲಿನ ಹಾಗೆ. ಬಟ್ಟೆಯಲ್ಲಾಗಿದ್ದರೆ ಉಗುರಿನಿಂದ ಎರಡು ಸಲ ಉಜ್ಜಿದರೆ ನೂಲುಗಳು ಮತ್ತೆ ಒಂದಾಗುತ್ತವೆ. ಮಾಸ್ಟರು ಉಜ್ಜಿದರು. ಏಳೂ ಹಾಗೇ ಅವರನ್ನು ನೋಡುತ್ತಿದ್ದವು.

"ನನ್ನ ಹತ್ರ ಚರ್ಮಕ್ಕೆ ಹಚ್ಚೋ ಕ್ರೀಮಿದೆ, ತರ್ತೀನಿ" ಎಂದ ಸೀಟಣ್ಣ. "ನಾನು ಬರೋ ತನಕ ನೀವು ಏನೂ ಮಾಡ್ಬೇಡಿ. ಕೈ ಕಟ್ಕೊಂಡು ಕೂತಿರಿ."

ಅವನು ಬೀದಿಯ ಕೊನೆಗೆ ಹೋಗಿ ಬರಲು ಐದು ನಿಮಿಷ. ಐದು ನಿಮಿಷ ಕೈ ಕಟ್ಟಿಕೊಂಡು ಕೂತ ಟೈಲರನ್ನು ಯಾರಾದರೂ ಕಂಡಿದ್ದೀರಾ? ಒದ್ದೆ ಬಟ್ಟೆ ಹಾಸಿ, ಬಿಸಿ ಇಸ್ತ್ರಿ ಪೆಟ್ಟಿಗೆಯನ್ನು ಮೆಲ್ಲಗೆ ಒಂದೇ ಒಂದು ಸಲ ಇಟ್ಟರೆ ಉಗಿಗೆ ತೂತು ಮುಚ್ಚಬಹುದು ಎಂದು ಮಾಸ್ಟರಿಗೆ ಹೊಳೆಯಿತು. ಇಟ್ಟರು. ಚುಂಯ್ ಎಂದಿತು. ಬಟ್ಟೆ ಎತ್ತಿ ನೋಡಿದರೆ, ನಾಣ್ಯದಷ್ಟು ಜಾಗದಲ್ಲಿ ಚರ್ಮ ಮುದುರಿ, ಮುದುಕನ ಗಲ್ಲದ ಹಾಗೆ ಆಗಿತ್ತು. ತೂತುಗಳು ಏಳಕ್ಕೆ ಏಳೂ ಇದ್ದವು.

ಕ್ರೀಮಿನ ಡಬ್ಬಿ ಹಿಡಿದು ಬಂದ ಸೀಟಣ್ಣ ಬಾಗಿಲಲ್ಲೇ ಮೂಗು ಅರಳಿಸಿದ. "ಸುಟ್ಟ ವಾಸನೆ ಬರ್ತಿದೆ" ಅಂದ. ಮಾಸ್ಟರು ತೋಳನ್ನು ಅವನ ಕಡೆಗೆ ಸರಿಸಿದರು. ಸೀಟಣ್ಣ ನೋಡಿ, ಡಬ್ಬಿಯನ್ನು ಮೇಜಿನ ಮೇಲಿಟ್ಟು ಹೊರಟ. ಇಪ್ಪತ್ತು ವರ್ಷದ ಗೆಳೆತನದಲ್ಲಿ ಅವನು ಕೈಗೆ ಬಂದ ತಮಾಷೆಯನ್ನು ಬಿಟ್ಟುಕೊಟ್ಟದ್ದು ಅದೊಂದೇ ಸಲ.

ಒಂದು ವಾರ ಕಳೆಯಿತು. ಸಂಜೆ ಐದಾಗುತ್ತಲೇ ಮಾಸ್ಟರು ಬಾಗಿಲಿಗೆ ಬಂದು ಬೀದಿಯ ತುದಿ ನೋಡುವರು. ಬೀದಿಯ ತುದಿ ಎಪ್ಪತ್ತು ಹೆಜ್ಜೆಗೆ ಮುಗಿಯುತ್ತಿತ್ತು, ಅಲ್ಲೊಂದು ಗೋಡೆ. ಅಂಗಳದಲ್ಲಿ ನಿಂತ ಗಾಡಿಯ ಮೇಲೆ ಹೆಂಡತಿ ಒರೆಸುವ ಬಟ್ಟೆ ಒಣಹಾಕಲು ಶುರುಮಾಡಿದಳು. ಒಬ್ಬರ ಅಂಗಿಗೆ ಇನ್ನೊಬ್ಬರ ಕಾಲರು ಕೂತಿತು. ಎರಡು ಕಾಜ ಸೊಟ್ಟಗಾದವು. ಮಗಳು ಎಲ್ಲವನ್ನೂ ನೋಡುತ್ತಿದ್ದಳು, ಆದರೆ ಕೀಲಿ ಅವಳ ಜೇಬು ಬಿಟ್ಟು ಬರಲಿಲ್ಲ.

ಹತ್ತನೆಯ ದಿನ ಮಾಸ್ಟರು ಬೂಟಿನ ಕಪ್ಪು ಪಾಲಿಶ್ ಡಬ್ಬಿ ತೆರೆದರು. ಸೂಜಿಯ ಮೊನೆಯಿಂದ ಒಂದೊಂದೇ ತೂತಿಗೆ ತುಂಬಿ, ಮುದುರಿದ ಜಾಗಕ್ಕೂ ತೆಳ್ಳಗೆ ಸವರಿ, ಮೆತ್ತನೆ ಬಟ್ಟೆಯಿಂದ ತಿಕ್ಕಿದರು. ಕೈಚಳಕ ಸುಮ್ಮನೆ ಬಂದದ್ದಲ್ಲ. ಕಿಟಕಿಯ ಬೆಳಕಿನಲ್ಲಿ ಹಿಡಿದರೂ ಏನೂ ಕಾಣದಂತಾಯಿತು. ಹೆಂಡತಿ ನೋಡುತ್ತಾ ನಿಂತಿದ್ದಳು.

"ಬದಲಾಯಿಸ್ಕೊಂಡು ಬರೋಕಾ?"

"ಹೂಂ."

"ಬೆಕ್ಕು ಕಣ್ಮುಚ್ಕೊಂಡು ಹಾಲು ಕುಡಿಯೋ ಹಾಗಿದೆ" ಎಂದಳು. ಆದರೆ ಮರುದಿನ ಅವಳೂ ಬಸ್ಸು ಹತ್ತಿದಳು.

ಅಂಗಡಿಯಲ್ಲಿ ಅದೇ ಹುಡುಗಿ ಇದ್ದಳು. "ಗಿಡ್ಡ ಆಯ್ತಾ ಸರ್?" ಎಂದು ಮಾತ್ರ ಕೇಳಿದಳು, ನಾನು ಆವತ್ತೇ ಹೇಳಿದ್ದೆ ಅನ್ನಲಿಲ್ಲ. ಅಂದಿದ್ದರೆ ಮಾಸ್ಟರಿಗೆ ಎಷ್ಟೋ ಸುಲಭವಾಗುತ್ತಿತ್ತು. ಜಾಕೆಟ್ಟನ್ನು ಬೆಳಕಿನ ಕೆಳಗೆ ಹರಡಿ ಕಾಲರು ನೋಡಿದಳು, ಜಿಪ್ಪು ಎಳೆದಳು, ಬೆನ್ನು ತಿರುಗಿಸಿದಳು, ತೋಳುಗಳ ಮೇಲೆ ಕಣ್ಣಾಡಿಸಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮಾಸ್ಟರ ಬಲಗೈ ತಾನಾಗಿ ತಮ್ಮ ಎಡ ಮಣಿಕಟ್ಟನ್ನು ಮುಚ್ಚಿಕೊಂಡಿತ್ತು.

"ಸರಿಯಾಗಿದೆ ಸರ್" ಎಂದಳು.

ಒಂದು ಸೈಜು ದೊಡ್ಡದು ಬಂತು. ಈ ಸಲ ಹೇಳಿಸಿಕೊಳ್ಳದೆಯೇ ಮಾಸ್ಟರು ಚಕ್ರವಿಲ್ಲದ ಗಾಡಿ ಹತ್ತಿ ಕೂತು ಕೈ ಚಾಚಿದರು. ತೋಳು ಮಣಿಕಟ್ಟು ದಾಟಿ ನಿಂತಿತು. ಪ್ಯಾಡು ಮೊಣಕೈಯ ಮೇಲೆ, ಅಳತೆ ಕೊಟ್ಟು ಹೊಲಿಸಿದ ಹಾಗೆ, ಬಂದು ಕೂತಿತು. ಅಲ್ಲಿಂದಲೇ ಕೆರೆಯ ಆಚೆ ದಡ ಕಂಡಂತಾಯಿತು. ಇನ್ನೇನು, ಎದ್ದು ಬಸ್ಸು ಹತ್ತಿದರೆ ಸಂಜೆಗೆ ಕೀಲಿ.

ಹುಡುಗಿ ಹಳೆಯ ಜಾಕೆಟ್ಟನ್ನು ಅಗಲ ಹ್ಯಾಂಗರಿಗೆ ಹಾಕಿ, ಸಾಲಿನಲ್ಲಿ ಉಳಿದವುಗಳ ಮಧ್ಯೆ ತೂಗಿಬಿಟ್ಟಳು. ಎಡ ತೋಳು ಇವರ ಕಡೆಗೇ ತಿರುಗಿಕೊಂಡಿತ್ತು. ಮಾಸ್ಟರು ಅದನ್ನೇ ನೋಡಿದರು. ನಾಳೆಯೋ ನಾಡಿದ್ದೋ ಯಾರೋ ಬಂದು, ಇಂಚಿಗೆ ಏಳು ಹೊಲಿಗೆ ನೋಡಿ ಮೆಚ್ಚಿ, ಅದನ್ನು ಕೊಳ್ಳುತ್ತಾರೆ. ಒಂದು ಮಳೆಗೆ ಪಾಲಿಶ್ ತೊಳೆದು ಹೋಗುತ್ತದೆ. ಏಳು ಕಡೆ ನೀರು ಒಳಗಿಳಿಯುತ್ತದೆ. ಅವರೂ ಎಲ್ಲೋ ಜಲ್ಲಿಯ ಮೇಲೆ ಜಾರಿದರೆ, ಸುಟ್ಟು ಗಡುಸಾದ ಆ ಜಾಗ ತಡೆದೀತೇ?

"ತಾಯಿ, ಒಂದ್ನಿಮಿಷ" ಎಂದರು, ಗಾಡಿಯಿಂದ ಇಳಿಯದೆ. "ಅದನ್ನ ಅಲ್ಲಿ ಹಾಕ್ಬೇಡ. ಎಡ ತೋಳಿನ ತುದೀಲಿ ಏಳು ತೂತಿದೆ."

ಹುಡುಗಿ ತೋಳಿನ ಮೇಲೆ ಹೆಬ್ಬೆರಳು ಆಡಿಸಿದಳು. ಒಂದು ಕಡೆ ಬೆರಳು ನಿಂತಿತು. "ನಂಗೆ ಕಾಣಿಸಲೇ ಇಲ್ಲ ಸರ್."

"ಕಾಣಬಾರ್ದು ಅಂತಲೇ ಮುಚ್ಚಿದ್ದು. ಗುಂಡುಸೂಜಿ ಚುಚ್ಚಿದೆ. ಆಮೇಲೆ..." ಮಾಸ್ಟರು ನೆಲ ನೋಡಿದರು. "ಆಮೇಲೆ ಇಸ್ತ್ರಿ ಇಟ್ಟೆ."

"ಇಸ್ತ್ರಿ?"

"ಇಸ್ತ್ರಿ."

ಹುಡುಗಿ ತುಟಿ ಕಚ್ಚಿಕೊಂಡಳು. ನಗು ತಡೆಯಲಾಗದೆ ಮುಖ ಆಚೆ ತಿರುಗಿಸಿ ಮತ್ತೆ ಈಚೆ ತಿರುಗಿಸಿದಳು. "ಹಾಗಾದ್ರೆ ಬದಲಾಯಿಸಿ ಕೊಡೋಕೆ ಆಗಲ್ಲ ಸರ್. ಚೀಟೀಲೇ ಬರೆದಿದೆ."

"ಗೊತ್ತು" ಎಂದು ಮಾಸ್ಟರು ಹೊಸ ಜಾಕೆಟ್ಟಿನ ಜಿಪ್ಪು ಇಳಿಸಿದರು. ಅಷ್ಟು ಸಾವಕಾಶವಾಗಿ ಅವರು ಯಾವ ಜಿಪ್ಪನ್ನೂ ಇಳಿಸಿರಲಿಲ್ಲ.

ಅವರು ಹಳೆಯದನ್ನು ಚೀಲಕ್ಕೆ ತುಂಬುತ್ತಿದ್ದಾಗ ಹುಡುಗಿ ಒಳಗೆ ಹೋಗಿ ಕಪ್ಪು ಚರ್ಮದ ಎರಡು ತುಂಡು ತಂದಳು. ಗಿರಾಕಿಗಳಿಗೆ ಬಣ್ಣ, ದಪ್ಪ ತೋರಿಸಲು ಇಟ್ಟುಕೊಂಡಿದ್ದ ಮಾದರಿಗಳು, ಒಂದೊಂದೂ ಎರಡು ಗೇಣು ಉದ್ದ. "ಇವು ಅದೇ ಚರ್ಮ. ಸೀಟು ಹೊಲಿಯೋರು ಯಾರಾದ್ರೂ ಗೊತ್ತಿದ್ರೆ ಕೆಟ್ಟಿರೋ ತುದಿ ಕತ್ತರಿಸಿ ತೋಳು ಉದ್ದ ಮಾಡ್ಸಿ. ಅವರ ಯಂತ್ರ ತಡೆಯುತ್ತೆ. ಆದ್ರೆ ಸರ್, ಅಳತೆ..."

"ಕೂತು ಕೊಡ್ತೀನಿ" ಎಂದರು ಮಾಸ್ಟರು.

ಬಸ್ಸು ಅರ್ಧ ದಾರಿ ಕಳೆದಿತ್ತು.

"ಬಾಯಿ ಮುಚ್ಕೊಂಡು ಕೂತಿದ್ರೆ ಇಷ್ಟೊತ್ತಿಗೆ ಕೀಲಿ ಸಿಕ್ಕಿರ್ತಿತ್ತು" ಎಂದಳು ಹೆಂಡತಿ.

"ಹೂಂ."

"ಬಾಯಿ ಮುಚ್ಕೊಂಡು ಕೂತಿದ್ರೆ ನಾನೇ ಹೇಳ್ಬಿಡ್ತಿದ್ದೆ" ಎಂದು ಕಿಟಕಿಯ ಆಚೆ ನೋಡತೊಡಗಿದಳು. "ನಾಲಿಗೆ ತುದೀಲೇ ಇತ್ತು."

ಸೀಟಣ್ಣ ಚರ್ಮದ ತುಂಡುಗಳನ್ನು ಮೂಸಿ, ಮಡಿಸಿ, ಒಪ್ಪಿದ. ಮಾಸ್ಟರನ್ನು ಅವರ ಗಾಡಿಯ ಮೇಲೆ ಕೂರಿಸಿ, ತನ್ನ ಎಣ್ಣೆ ಹಿಡಿದ ಟೇಪು ತೆಗೆದ. ಬೀದಿಯವರು ಒಬ್ಬೊಬ್ಬರಾಗಿ ಬಂದು ನಿಂತರು. ಅರ್ಧ ಇಂಚು ಮಾಸ್ಟರ ಅಳತೆ ಬೇರೆಯವರು ತೆಗೆಯುವುದನ್ನು ಯಾರೂ ನೋಡಿರಲಿಲ್ಲ.

"ಕತ್ತು ಬಗ್ಗಿಸ್ಬೇಡಿ" ಎಂದು ಸೀಟಣ್ಣ ಟೇಪಿನ ತುದಿಯಿಂದ ಅವರ ಗಲ್ಲಕ್ಕೆ ತಟ್ಟಿದ. ಜನ ನಕ್ಕರು.

"ಒಳಗೆ ಅರ್ಧ ಇಂಚು ಬಿಡು."

"ಒಳಗೆ ಬಿಡೋಕೆ ಇದೇನು ನಿಮ್ಮ ಪ್ಯಾಂಟಾ? ಬಿಡೋದಾದ್ರೆ ಹೊರಗೇ ಬಿಡ್ಬೇಕು. ನಿಂತ್ರೆ ಬೆರಳಿನ ಗೆಣ್ಣಿನ ತನಕ ಬರುತ್ತೆ. ದೊಡ್ಡಣ್ಣನ ಅಂಗಿ ಹಾಕ್ಕೊಂಡ ಹಾಗೆ ಕಾಣ್ತೀರಿ. ಆಗ್ಬಹುದಾ?"

ಮಾಸ್ಟರು ಚಾಚಿದ ಕೈಯ ಬೆರಳಿನ ಗೆಣ್ಣು ನೋಡಿಕೊಂಡರು. "ನಿಂಗೆ ಸರಿ ಕಂಡಷ್ಟು ಬಿಡು" ಎಂದರು. ಗಿರಾಕಿಗಳ ಬಾಯಿಂದ ಸಾವಿರ ಸಲ ಕೇಳಿದ್ದ ಮಾತು. ತಮ್ಮ ಬಾಯಲ್ಲಿ ಅದು ಹೊಸದಾಗಿ ಕೇಳಿಸಿತು.

ತುದಿ ಕತ್ತರಿಸಿದಾಗ ಮುದುರಿದ ಜಾಗ ಹೋಯಿತು, ಆರು ತೂತುಗಳೂ ಹೋದವು. ಏಳನೆಯದು ಕತ್ತರಿಯ ಗೆರೆಯಿಂದ ಅರ್ಧ ಇಂಚು ಮೇಲಿತ್ತು. ಅದು ಉಳಿಯಿತು. ಸೀಟಣ್ಣ ಅದಕ್ಕೆ ಒಳಗಿನಿಂದ ಚರ್ಮದ ಚುಕ್ಕೆ ಅಂಟಿಸಿ, ಎರಡೂ ತೋಳಿಗೆ ಹೊಸ ತುಂಡು ಜೋಡಿಸಿ, ದಪ್ಪ ದಾರದಲ್ಲಿ ಎರಡೆರಡು ಸಾಲು ಹೊಲಿಗೆ ಹಾಕಿದ. ಮೊಣಕೈಯ ಪ್ಯಾಡು ಇರುವ ಜೇಬು ಮಾತ್ರ ಅಸ್ತರಿನ ಬಟ್ಟೆಯದು. ಅದನ್ನು ಮಾಸ್ಟರು ಯಾರಿಗೂ ಮುಟ್ಟಲು ಬಿಡಲಿಲ್ಲ. ತಾವೇ ಬಿಚ್ಚಿ, ಮೂರು ಬೆರಳು ಕೆಳಗಿಳಿಸಿ, ಮತ್ತೆ ಹೊಲಿದರು. ಸುತ್ತಲೂ ಅರ್ಧ ಇಂಚು ಒಳಗೆ ಬಿಟ್ಟೇ ಹೊಲಿದರು.

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಪರೀಕ್ಷೆ. ಮಗಳು ಅಪ್ಪನನ್ನು ಗಾಡಿಯ ಮೇಲೆ ಕೂರಿಸಿ, ಹೊಸ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು. ಮಾಸ್ಟರು ಗಾಡಿಯ ಸಮೇತ ವಾಲಿದರು, ಹೊಲಿಗೆ ಕದಲಲಿಲ್ಲ. ಮೊಣಕೈ ಒತ್ತಿದಳು. ಪ್ಯಾಡು ಮೂಳೆಯ ಮೇಲೇ ಇತ್ತು. ಗುಲಾಬಿ ಚರ್ಮ ಎಲ್ಲೂ ಕಾಣಲಿಲ್ಲ.

"ಇನ್ನು ಬಾಯಿಪಾಠ" ಎಂದಳು. "ದಿನಾ ಬಂದ್ಮೇಲೆ?"

"ಒದ್ದೆ ಬಟ್ಟೇಲಿ ಧೂಳು ಒರೆಸೋದು. ಅಗಲ ಹ್ಯಾಂಗರಿಗೆ ಹಾಕೋದು."

"ಮಳೇಲಿ ನೆನೆದ್ರೆ?"

"ನೆರಳಲ್ಲಿ. ಬಿಸಿಲು ಬೇಡ, ಒಲೆ ಹತ್ರ ಬೇಡ."

"ಕ್ರೀಮು?"

"ಆರು ತಿಂಗಳಿಗೊಂದು ಸಲ, ತೆಳ್ಳಗೆ."

"ಸುಕ್ಕಾದ್ರೆ?"

"ಸುಕ್ಕು ಅದರ ಪಾಡಿಗೆ ಇರ್ಲಿ."

"ಇಸ್ತ್ರಿ?"

ಮಾಸ್ಟರು ಹೆಂಡತಿಯ ಕಡೆ ನೋಡಿದರು. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ಮಗಳೂ ಆಗ ನಕ್ಕಳು, ಬಿದ್ದ ದಿನದಿಂದ ಮೊದಲ ಸಲ. ಜೇಬಿನಿಂದ ಕೀಲಿ ತೆಗೆದು ಅಪ್ಪನ ಅಂಗೈಯಲ್ಲಿಟ್ಟು, "ಐದು ಗಂಟೆ ತನಕ ಕಾಯ್ಬೇಡ, ಈಗಲೇ ಹೋಗಿ ಬಾ" ಎಂದಳು.

ಕೆರೆ ಏರಿಯ ರಸ್ತೆ ಹಾಗೇ ಇತ್ತು. ಸಿಮೆಂಟು ಗೋದಾಮಿನ ತಿರುವಿನಲ್ಲಿ ಮಾಸ್ಟರು ಗಾಡಿಯನ್ನು ನಡೆಯುವವರಷ್ಟು ನಿಧಾನ ಮಾಡಿದರು. ಏರಿಯ ಮೇಲೆ ನಿಲ್ಲಿಸಿ ಆಚೆ ದಡ ನೋಡಿದರು. ಅಲ್ಲಿ ಏನೂ ಇರಲಿಲ್ಲ. ಇಪ್ಪತ್ತು ನಿಮಿಷ ನೋಡಿದರು. ಎಡ ತೋಳಿನ ಏಳನೆಯ ತೂತಿನ ಮೇಲೆ ಬೆರಳು ಆಗಾಗ ತಾನಾಗಿ ಹೋಗಿ ಬರುತ್ತಿತ್ತು.

ಈಗ ಅಂಗಡಿಯಲ್ಲಿ ಕನ್ನಡಿಯ ಮುಂದೆ ಒಂದು ಎತ್ತರದ ಸ್ಟೂಲು ಬಂದಿದೆ. ಅದರ ಮೇಲಿನ ಮೆತ್ತೆ ಸೀಟಣ್ಣ ಹೊಲಿದದ್ದು. ಜಾಕೆಟ್ಟಿಗೋ ಪ್ಯಾಂಟಿಗೋ ಅಳತೆ ಕೊಡಲು ಬಂದವರನ್ನು ಮಾಸ್ಟರು ಮೊದಲು ಕೇಳುವುದು, "ಗಾಡಿ ಓಡಿಸ್ತೀರಾ?" ಎಂದು. ಹೌದು ಅಂದರೆ, "ಕೂತ್ಕೊಳ್ಳಿ, ಕೈ ಮುಂದೆ ಚಾಚಿ" ಅನ್ನುತ್ತಾರೆ. ಇದೇನು ಹೊಸ ಪದ್ಧತಿ ಎಂದು ಯಾರಾದರೂ ಹುಬ್ಬು ಗಂಟಿಕ್ಕಿದರೆ ಉತ್ತರ ಸಿದ್ಧವಿರುತ್ತದೆ.

"ಗಾಡೀನ ಯಾರಾದ್ರೂ ನಿಂತ್ಕೊಂಡು ಓಡಿಸ್ತಾರಾ ಸ್ವಾಮಿ?"

ಮಧ್ಯಾಹ್ನದ ಊಟದ ಡಬ್ಬಿ ತಂದ ಹೆಂಡತಿ ಒಂದು ದಿನ ಇದನ್ನು ಕೇಳಿಸಿಕೊಂಡಳು. "ಅದು ಆ ಪೇಟೆ ಅಂಗಡಿ ಹುಡುಗಿ ಹೇಳಿದ ಮಾತಲ್ವೇನ್ರೀ?"

"ಯಾವ ಹುಡುಗಿ?" ಎಂದರು ಮಾಸ್ಟರು, ತಲೆ ಎತ್ತದೆ, ಸ್ಟೂಲಿನ ಮೇಲೆ ಕೂತವನ ತೋಳಿಗೆ ಟೇಪು ಹಿಡಿಯುತ್ತಾ.